ಡ್ರಾಯರಿನಲ್ಲಿದ್ದ ಬ್ರಿಜಿಟ್

“ಬ್ರಿಜಿಟ್ ಮೇಡಂ ಅಂದ್ರೆ ನೀವೇನಾ?” ಎಂದು ಕನ್ನಡ ಸಂಘದ ಸ್ಮರಣ ಸಂಚಿಕೆಯ ಸಂಪಾದಕಿ ಫೋನಿನಲ್ಲಿ ಕೇಳಿದರು. ಡಾಕ್ಟರು ನಿವೃತ್ತರಾದರಲ್ಲ, ಈ ಸಲದ ಸಂಚಿಕೆಯಲ್ಲಿ ಅವರ ಬಗ್ಗೆ ಎರಡು ಪುಟ ಹಾಕುತ್ತಾರಂತೆ. ಯಾರ ಕೈಲಿ ಬರೆಸೋಣ ಎಂದು ಡಾಕ್ಟರನ್ನೇ ಕೇಳಿದ್ದಕ್ಕೆ, “ನಮ್ಮ ಬ್ರಿಜಿಟ್‌ನ ಕೇಳಿ, ಐದು ವರ್ಷ ನನ್ ಹತ್ರ ಇದ್ಲು” ಎಂದರಂತೆ.

ನನ್ನ ಹೆಸರು ಬ್ರಿಜಿಟ್ ಅಲ್ಲ, ಭಾಗೀರಥಿ. ಧಾರವಾಡದವಳು, ಹಲ್ಲಿನ ಡಾಕ್ಟರು. ಕ್ಯಾಲಿಫೋರ್ನಿಯಾದ ನೆವಾರ್ಕಿನಲ್ಲಿ ನನ್ನದೇ ಕ್ಲಿನಿಕ್ಕಿದೆ, ಅದರ ಗಾಜಿನ ಬಾಗಿಲ ಮೇಲೆ ಭಾಗೀರಥಿ ಎಂದೇ ಇದೆ. ಆದರೂ ಆ ಸಂಪಾದಕಿಯನ್ನು ತಿದ್ದಲಿಲ್ಲ. ಪಾಪ, ಆಕೆಯದೇನು ತಪ್ಪು? ಬರೆಯುತ್ತೇನೆ ಎಂದೆ. ಇದನ್ನು ಓದಿದ ಮೇಲೆ ಅವರು ಅಚ್ಚು ಹಾಕಿಸುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತು. ಡಾಕ್ಟರ ಹೆಸರನ್ನು ಮಾತ್ರ ನಾನು ಎಲ್ಲಿಯೂ ಬರೆಯುವುದಿಲ್ಲ. ಯಾರ ಸುದ್ದಿ ಇದು ಎಂದು ಅವರ ಕ್ಲಿನಿಕ್ಕಿದ್ದ ಬೆರ್ರಿಯೆಸಾದ ಸುತ್ತಮುತ್ತ ಬಾಯಲ್ಲಿ ಹಲ್ಲಿರುವ ಕನ್ನಡಿಗರಿಗೆಲ್ಲ ತಿಳಿಯುತ್ತದೆ. ಅವರಿಗೆ ಬಹುವಚನ ಹಾಕಿದ್ದೇನೆಂದು ಯಾರೂ ಮೋಸ ಹೋಗಬೇಡಿ. ಒಳಗಿನವರಿಗೆ ಏಕವಚನ, ಹೊರಗಿನವರಿಗೆ ಬಹುವಚನ ಎಂಬುದು ನಮ್ಮ ಮನೆಯ ರೂಢಿ.

ಮೊದಲು ಒಳ್ಳೆಯದನ್ನು ಹೇಳಿ ಮುಗಿಸುತ್ತೇನೆ, ಬಹಳ ಹೊತ್ತು ಹಿಡಿಯುವುದಿಲ್ಲ. ಡಾಕ್ಟರದು ಬಂಗಾರದಂಥ ಕೈ. ಅವರು ಇಂಜೆಕ್ಷನ್ ಚುಚ್ಚಿದ್ದು ಗೊತ್ತೇ ಆಗುತ್ತಿರಲಿಲ್ಲ. ಎಡಗೈಯಲ್ಲಿ ರೋಗಿಯ ಕೆನ್ನೆ ಹಿಡಿದು ಮೆಲ್ಲಗೆ ಅಲುಗಿಸುತ್ತ, ಬಲಗೈಯಲ್ಲಿ ಸೂಜಿ ಇಳಿಸುತ್ತ, ಏನೋ ಒಂದು ರಾಗ ಗುನುಗುತ್ತಿದ್ದರು. ರೋಗಿ ರಾಗ ಯಾವುದೆಂದು ಯೋಚಿಸುವಷ್ಟರಲ್ಲಿ ಕೆಲಸ ಮುಗಿದಿರುತ್ತಿತ್ತು. ಊರಿಂದ ಮಕ್ಕಳ ಮನೆಗೆ ಬಂದ ಅಪ್ಪ ಅಮ್ಮಂದಿರ ಹಲ್ಲುನೋವಿಗೆ, ಅವರಿಗೆ ಇಲ್ಲಿ ಇನ್ಶೂರೆನ್ಸು ಇರುವುದಿಲ್ಲವೆಂದು, ಶನಿವಾರ ಬಾಗಿಲು ಹಾಕಿದ ಮೇಲೆ ಪುಕ್ಕಟೆ ನೋಡುತ್ತಿದ್ದರು. ದೇವರಂಥ ಮನುಷ್ಯ ಎಂದು ಆ ತಾಯಂದಿರು ಕೈ ಮುಗಿದು ಹೋಗುತ್ತಿದ್ದರು. ಡಾಕ್ಟರಿಗೆ ಸೂಜಿ ತುಂಬಿಕೊಟ್ಟು, ಆ ತಾಯಂದಿರ ಬಾಯಿ ಒರೆಸಿ, ಕೈ ಹಿಡಿದು ಎಬ್ಬಿಸುತ್ತಿದ್ದವಳು ನಾನು.

ಧಾರವಾಡದಲ್ಲಿ ದಂತವೈದ್ಯೆಯಾಗಿದ್ದವಳಿಗೆ ಕ್ಯಾಲಿಫೋರ್ನಿಯಾದಲ್ಲಿ ಹಲ್ಲು ಮುಟ್ಟುವ ಹಕ್ಕಿಲ್ಲ. ಇಲ್ಲಿನ ಕಾಲೇಜಿನಲ್ಲಿ ಮತ್ತೆ ಎರಡು ವರ್ಷ ಓದಬೇಕು, ಸೀಟು ಸಿಗುವುದು ನೂರರಲ್ಲಿ ನಾಲ್ಕು ಮಂದಿಗೋ ಐದು ಮಂದಿಗೋ ಎನ್ನುತ್ತಿದ್ದರು. ಅದಕ್ಕೆ ಇಲ್ಲಿನ ಡಾಕ್ಟರೊಬ್ಬರ ಕೈಕೆಳಗೆ ಕೆಲಸ ಮಾಡಿದ ಅನುಭವ ಬೇಕು, ಅವರ ಶಿಫಾರಸು ಪತ್ರ ಬೇಕು. ಹಾಗಾಗಿ ನಾನು ಆ ಕ್ಲಿನಿಕ್ಕಿನ ಮುಂದಿನ ಮೇಜಿನಲ್ಲಿ ಕುಳಿತೆ. ಡಾಕ್ಟರು ಮೈಸೂರಿನವರು ಎಂದು ತಿಳಿದಾಗ ನಮ್ಮವರೇ ಸಿಕ್ಕರಲ್ಲ ಎಂದು ಹಿಗ್ಗಿದ್ದೆ. ಈಗ ಆ ಹಿಗ್ಗು ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಮೊದಲ ದಿನ ಅವರು ನನ್ನ ಡಿಗ್ರಿ ಸರ್ಟಿಫಿಕೇಟನ್ನು ಮೂಗಿನ ಹತ್ತಿರ ಹಿಡಿದು ಪೂರ್ತಿ ಓದಿದರು. ಮಡಿಸಿ ವಾಪಸು ಕೊಟ್ಟರು. ಆಮೇಲೆ ಮೇಜಿನ ಕೆಳಗಿನ ಡ್ರಾಯರ್ ಎಳೆದು ಒಂದು ತಗಡಿನ ಬಿಸ್ಕತ್ತು ಡಬ್ಬಿ ತೆಗೆದರು. ಅದರ ತುಂಬ ಎದೆಗೆ ಸಿಕ್ಕಿಸುವ ಹೆಸರಿನ ಬ್ಯಾಡ್ಜುಗಳು. ನೀಲಿ ಪ್ಲಾಸ್ಟಿಕ್ಕಿನ ಮೇಲೆ ಬಿಳಿ ಅಕ್ಷರ.

“ಈ ಹೆಸ್ರು ಇಲ್ಲಿ ನಡಿಯಲ್ಲಮ್ಮ. ಪೇಷಂಟ್ಸಿಗೆ ನಾಲಿಗೆ ಹೊರಳಲ್ಲ. ಕೆಲ್ಲಿ ಒಳಗಿದ್ದಾಳೆ. ಶ್ಯಾನನ್ ಕೂಡ ಇದ್ದಾಳೆ. ಬ್ರಿಜಿಟ್ ಹೋದ ತಿಂಗಳು ಬಿಟ್ಟೋದ್ಲು. ನೀನು ಬ್ರಿಜಿಟ್ ಆಗು.”

“ಭಾಗಿ ಅಂದ್ರ ನಡೀತದಲ್ರಿ ಸರ್. ಮನ್ಯಾಗ ಹಂಗ ಕರೀತಾರ,” ಎಂದೆ.

“ಚೆನ್ನಾಗಿರೋ ಬ್ಯಾಡ್ಜು ಇದೆಯಲ್ಲಮ್ಮ, ಹೊಸದು ಯಾಕೆ ಮಾಡಿಸ್ಬೇಕು?” ಎಂದು ಅದನ್ನು ತಮ್ಮ ಕೋಟಿನ ತುದಿಗೆ ಉಜ್ಜಿ ನನ್ನ ಕೈಗಿಟ್ಟರು.

ಆ ಬ್ಯಾಡ್ಜುಗಳ ಕಥೆಯನ್ನು ಕೆಲ್ಲಿ ಹೇಳಿದಳು. ಅವಳು ವಿಯೆಟ್ನಾಮಿನವಳು, ನನಗಿಂತ ಆರು ವರ್ಷ ಮೊದಲು ಸೇರಿದ್ದಳು. ಡಾಕ್ಟರು ಆ ಕ್ಲಿನಿಕ್ಕನ್ನು ಐರಿಷ್ ಮೂಲದ ಒಬ್ಬ ಮುದುಕ ಡಾಕ್ಟರಿಂದ ಕೊಂಡಿದ್ದರು. ಆತನ ಹತ್ತಿರ ಕೆಲಸ ಮಾಡುತ್ತಿದ್ದವರು ಆತನ ಹೆಂಡತಿ, ನಾದಿನಿ, ಅಣ್ಣನ ಮಗಳು. ಕುರ್ಚಿ, ಎಕ್ಸ್‌ರೇ ಯಂತ್ರ, ಮೀನಿನ ತೊಟ್ಟಿಯ ಜೊತೆಗೆ ಆ ಡಬ್ಬಿಯೂ ಬಂತು. ಒಂದು ರಬ್ಬರ್ ಬ್ಯಾಂಡನ್ನೂ ಎಸೆಯದ ನಮ್ಮ ಡಾಕ್ಟರು ಬ್ಯಾಡ್ಜು ಎಸೆಯುತ್ತಾರೆಯೇ? ಬಂದವರಿಗೆಲ್ಲ ಅದರಿಂದಲೇ ಒಂದು ಹೆಸರು ಹಂಚಿದರು. ನನಗಿಂತ ಮುಂಚೆ ಒಬ್ಬ ಗುಜರಾತಿ ಬ್ರಿಜಿಟ್ ಇದ್ದಳು, ಅವಳಿಗಿಂತ ಮುಂಚೆ ಒಬ್ಬ ಫಿಲಿಪೀನೋ ಬ್ರಿಜಿಟ್. ಪಿನ್ನು ಸಿಕ್ಕಿಸಿ ತೆಗೆದು ಸಿಕ್ಕಿಸಿ ಅದರ ಒಂದು ಮೂಲೆ ಸವೆದಿತ್ತು.

ತಮ್ಮ ಹೆಸರಿನ ವಿಷಯದಲ್ಲಿ ಮಾತ್ರ ಅವರು ಬೇರೆಯೇ ಮನುಷ್ಯ. ಅವರದು ಐದಕ್ಷರದ ಹೆಸರು, ನಡುವೆ ಒಂದು ಒತ್ತಕ್ಷರ. ಹೊಸ ರೋಗಿ ಯಾರಾದರೂ ಅದನ್ನು ಕತ್ತರಿಸಿ ಕರೆದರೆ ಡಾಕ್ಟರು ಕೈಲಿದ್ದ ಕನ್ನಡಿಯನ್ನು ತಟ್ಟೆಗಿಟ್ಟು, ಒಂದು ಚೀಟಿಯಲ್ಲಿ ಬಿಡಿಸಿ ಬರೆದು, ಮೂರು ಸಲ ಹೇಳಿಸುತ್ತಿದ್ದರು. ಒಬ್ಬ ಅಂಚೆಯವನು ನಾಲ್ಕು ದಿನ ಕಲಿತು ಐದನೆಯ ದಿನ ಸರಿಯಾಗಿ ಹೇಳಿದಾಗ ಅವನಿಗೆ ಮೈಸೂರು ಪಾಕು ಕೊಟ್ಟರು. “ಹೆಸ್ರು ಅಂದ್ರೆ ತಾಯಿ ತಂದೆ ಕೊಟ್ಟಿದ್ದು, ಬಿಟ್ಕೊಡಬಾರ್ದು” ಎಂದು ಸಂಘದ ರಾಜ್ಯೋತ್ಸವದಲ್ಲಿ ಭಾಷಣ ಮಾಡಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಎರಡನೆಯ ಸಾಲಿನಲ್ಲಿ ಕುಳಿತು ನಾನೂ ತಟ್ಟಿದೆ, ಆಗ ನನಗಿದ್ದದ್ದು ಅಷ್ಟೇ ಧೈರ್ಯ.

ಬ್ರಿಜಿಟ್ ಎಂದರೆ ಏನು ಎಂದು ನನಗೆ ಹೇಳಿದವಳು ಲಾಸ್ ಗ್ಯಾಟೋಸ್‌ನಿಂದ ಬರುತ್ತಿದ್ದ ಒಬ್ಬ ಮುದುಕಿ. ಶಾಲೆಯೊಂದರಲ್ಲಿ ಪುಸ್ತಕ ನೋಡಿಕೊಳ್ಳುತ್ತಿದ್ದು ನಿವೃತ್ತಳಾದವಳು, ಮೇಲೆ ಕೆಳಗೆ ಎರಡೂ ಕಟ್ಟಿಸಿದ ಹಲ್ಲು. ಸೆಟ್ಟು ಸಡಿಲವಾಗಿದೆ ಎಂದು ಬಂದು ಕುಳಿತವಳು ನನ್ನ ಬ್ಯಾಡ್ಜು ನೋಡಿ ಮುಖ ಅರಳಿಸಿದಳು. ತಾನೂ ಐರಿಷ್ ಕುಲದವಳು ಎಂದಳು. ಅದು ಅವರ ಹಳೆಯ ದೇವತೆಯೊಬ್ಬಳ ಹೆಸರಂತೆ. ಬೆಂಕಿ, ಕವಿತೆ, ರೋಗ ವಾಸಿ ಮಾಡುವುದು ಎಲ್ಲ ಅವಳ ಪಾಲಿನವು. ಆಮೇಲೆ ಅದೇ ಹೆಸರಿನ ಸಂತಳೊಬ್ಬಳು ಬಂದಳು. ಅರ್ಥ, ಎತ್ತರದಲ್ಲಿರುವವಳು. ಮನೆಗೆ ಹೋಗಿ ನಾನೂ ಹುಡುಕಿ ನೋಡಿದೆ. ನಮ್ಮ ಬೃಹತೀ ಎಂಬ ಶಬ್ದಕ್ಕೂ ಅದಕ್ಕೂ ಬೇರು ಒಂದೇ ಎಂದು ಪಂಡಿತರು ಹೇಳುತ್ತಾರೆ. ಒಂದು ದಿನದ ಮಟ್ಟಿಗೆ ನನಗೆ ಆ ಪ್ಲಾಸ್ಟಿಕ್ಕಿನ ಮೇಲೆ ಸ್ವಲ್ಪ ಪ್ರೀತಿಯೂ ಬಂತು.

ಮುಂದಿನ ಸಲ ಮುದುಕಿ ಉಳಿದರ್ಧ ಹೇಳಿದಳು. ಹಸಿವು ತಾಳಲಾರದೆ ಹಡಗು ಹತ್ತಿ ಬಂದ ಐರಿಷ್ ಹೆಣ್ಣುಮಕ್ಕಳು ಅಮೆರಿಕದ ದೊಡ್ಡ ಮನೆಗಳಲ್ಲಿ ಅಡಿಗೆಗೆ, ಕಸಮುಸುರೆಗೆ ನಿಂತರು. ಅವರಲ್ಲಿ ಬ್ರಿಜಿಟ್‌ಗಳು ಬಹಳ ಇದ್ದರು. ಒಡತಿಯರಿಗೆ ಒಬ್ಬೊಬ್ಬಳ ಹೆಸರು ನೆನಪಿಡುವ ತಾಪತ್ರಯ ಯಾಕೆ? ಎಲ್ಲರನ್ನೂ ಬ್ರಿಜಿಟ್ ಎಂದೇ ಕೂಗಿದರು, ಮೊಟಕು ಮಾಡಿ ಬಿಡ್ಡಿ ಎಂದರು. ಕೂಲಿಯ ಗಂಡಸರೆಲ್ಲ ಪ್ಯಾಟ್ರಿಕ್. ಹೀಗೆ ದೇವತೆಯ ಹೆಸರು ಇಂಗ್ಲಿಷಿನಲ್ಲಿ ಕೆಲಸದವಳು ಎಂಬ ಅರ್ಥಕ್ಕೆ ಇಳಿಯಿತು. ಕೊನೆಗೆ ಇಲ್ಲಿನ ಐರಿಷ್ ತಾಯಂದಿರೇ ಹೆಣ್ಣುಮಕ್ಕಳಿಗೆ ಆ ಹೆಸರಿಡಲು ಹಿಂಜರಿದರಂತೆ. ಮುದುಕಿಯ ಮುತ್ತಜ್ಜಿ ಸ್ಯಾನ್ ಫ್ರಾನ್ಸಿಸ್ಕೋದ ಗುಡ್ಡದ ಮೇಲಿನ ಒಂದು ಬಂಗಲೆಯಲ್ಲಿ ಕೂದಲು ಹಣ್ಣಾಗುವವರೆಗೆ ಬೇಯಿಸಿ ಹಾಕಿದವಳು. ಹೆಸರು ನೋರಾ. ಅವಳು ಸತ್ತಾಗ ಬಂಗಲೆಯಿಂದ ಹೂವು ಬಂತು, ಜೊತೆಗೊಂದು ಚೀಟಿ: ನಮ್ಮ ಬ್ರಿಜಿಟ್‌ಗೆ. ನೋರಾಳ ಮಗಳು ಆ ಹೂವನ್ನು ಹಾಗೇ ಎತ್ತಿ ಬೀದಿಗೆ ಎಸೆದಳಂತೆ.

“ನಿನಗೆ ಈ ಹೆಸರನ್ನ ಯಾರಿಟ್ಟರು?” ಎಂದು ಮುದುಕಿ ಕೇಳಿದಳು.

“ಡ್ರಾಯರಿನಲ್ಲಿತ್ತು,” ಎಂದೆ.

ಅವಳು ನಗಲಿಲ್ಲ. ನಿನ್ನ ನಿಜವಾದ ಹೆಸರು ಹೇಳು ಎಂದಳು. ಹೇಳಿದೆ. ಎಂಬತ್ತು ದಾಟಿದ ಹೆಂಗಸು, ಬಾಯಲ್ಲಿ ಸಡಿಲ ಸೆಟ್ಟು, ಐದು ನಿಮಿಷದಲ್ಲಿ ಕಲಿತಳು. ಆ ಬಳಿಕ ನನ್ನನ್ನು ಬೇರೆ ಹೆಸರಿನಿಂದ ಕರೆಯಲೇ ಇಲ್ಲ.

ಇದನ್ನೆಲ್ಲ ಡಾಕ್ಟರ ಮುಂದೆ ಹೇಳಿದೆ. ಅವರು ಸ್ಟೀಲು ಡಬ್ಬಿಯಿಂದ ಮೊಸರನ್ನ ತಿನ್ನುತ್ತಿದ್ದರು. ಪೂರ್ತಿ ಕೇಳಿಸಿಕೊಂಡು, “ಒಳ್ಳೇ ಕಥೆ. ಎಷ್ಟಾದ್ರೂ ದೇವರ ಹೆಸ್ರೇ ಅಲ್ವಾ? ಲಕ್ಷಣವಾಗಿದೆ, ಇಟ್ಕೋ,” ಎಂದು ಉಪ್ಪಿನಕಾಯಿ ಚೀಪಿದರು. ಆ ಗಳಿಗೆಯಲ್ಲಿ ನನಗೆ ಡಬ್ಬಿ ಕಿತ್ತುಕೊಂಡು ಮೀನಿನ ತೊಟ್ಟಿಗೆ ಸುರಿಯಬೇಕು ಎನ್ನಿಸಿತು. ಸುರಿಯಲಿಲ್ಲ. ಪತ್ರ ಅವರ ಕೈಯಲ್ಲಿತ್ತಲ್ಲ.

ಐದನೆಯ ವರ್ಷ ಪರೀಕ್ಷೆಗಳನ್ನೆಲ್ಲ ಮುಗಿಸಿ ಕಾಲೇಜಿಗೆ ಅರ್ಜಿ ಹಾಕಿದೆ. ಡಾಕ್ಟರು ಸೊಗಸಾದ ಪತ್ರ ಬರೆದುಕೊಟ್ಟರು, ಬ್ರಿಜಿಟ್ ಎಂಬ ಹೆಸರಿನಲ್ಲಿ. ಸರ್ಟಿಫಿಕೇಟಿನಲ್ಲಿ ಇರುವಂತೆ ಬರೆಯಿರಿ ಎಂದು ಮೂರು ಸಲ ಬೇಡಿಕೊಂಡೆ. ಮೂರನೆಯ ಸಲ ಗೊಣಗುತ್ತ ತಿದ್ದಿ ಸಹಿ ಹಾಕಿದರು. ಕಾಲೇಜಿನವರಿಗೆ ನಾನು ಹಿಡಿಸಿದ್ದೆ. ಇನ್ನು ಉಳಿದದ್ದು ಒಂದೇ, ಅವರು ಡಾಕ್ಟರಿಗೆ ಫೋನು ಮಾಡಿ ಈಕೆ ನಿಮ್ಮಲ್ಲಿ ಕೆಲಸ ಮಾಡುತ್ತಿರುವುದು ನಿಜವೇ ಎಂದು ಕೇಳುವುದು.

ಮಗಳಿಗೆ ಜ್ವರವೆಂದು ನಾನು ರಜೆ ಹಾಕಿದ್ದ ದಿನ ಆ ಫೋನು ಬಂತು. ಎತ್ತಿ ಡಾಕ್ಟರ ಕೈಗೆ ಕೊಟ್ಟವಳು ಕೆಲ್ಲಿ. ಆ ಹೆಸರಿನವರು ಇಲ್ಲಿ ಯಾರೂ ಇಲ್ಲ ಎಂದು ಡಾಕ್ಟರು ಹೇಳಿದ್ದನ್ನು ಅವಳು ಕಿವಿಯಾರೆ ಕೇಳಿದಳು. ಕೇಳಿ ಗಾಬರಿಯಾಗಿ ನನಗೆ ತಿಳಿಸುವಷ್ಟರಲ್ಲಿ ಸಂಜೆಯಾಗಿತ್ತು. ಮರುದಿನ ನಾನು ಕಾಲೇಜಿಗೆ ಫೋನು ಮಾಡಿದರೆ, ಸುಳ್ಳು ಅನುಭವ ತೋರಿಸಿದವರ ಅರ್ಜಿಯನ್ನು ಮತ್ತೆ ತೆರೆಯುವುದಿಲ್ಲ ಎಂದರು. ಸುಳ್ಳು ಎಂಬ ಪದವನ್ನು ನನಗೆ ಬಹಳ ವಿನಯದಿಂದ ಹೇಳಿದರು.

“ಅಯ್ಯೋ, ಹೊಳೀಲೇ ಇಲ್ಲ ಕಣಮ್ಮ,” ಎಂದರು ಡಾಕ್ಟರು. “ನಾವೆಲ್ಲ ಬ್ರಿಜಿಟ್ ಅಂತೀವಲ್ಲ. ನಿನ್ನ ನಿಜವಾದ ಹೆಸ್ರು ಯಾರಿಗೆ ನೆನಪಿರತ್ತೆ? ಹೋಗ್ಲಿ ಬಿಡು, ಮುಂದಿನ ವರ್ಷ ನೋಡೋಣ.”

“ಮೂರು ಸಲ ಕೇಳಿದ ಮ್ಯಾಲೆ ಪತ್ರದಾಗ ನೀವ ಹೆಸರು ತಿದ್ದೀರಲ್ರಿ ಸರ್.”

“ವಯಸ್ಸಾಯ್ತಲ್ಲಮ್ಮ,” ಎಂದರು. ಆಗ ಅವರಿಗೆ ಐವತ್ತೆಂಟು.

ನಾನು ಬ್ಯಾಡ್ಜನ್ನು ಕಳಚಿ ಮೇಜಿನ ಮೇಲಿಟ್ಟು ಹೊರಗೆ ಬಂದೆ. ನೆವಾರ್ಕಿನಲ್ಲಿ ಬೇರೊಬ್ಬರ ಹತ್ತಿರ ಸೇರಿದೆ. ಒಂದು ವರ್ಷ ಕೆಲಸ ನೋಡದೆ ಅವರು ಪತ್ರ ಬರೆದುಕೊಡುವವರಲ್ಲ, ಅದು ನ್ಯಾಯವೇ. ಅಂತೂ ಸೀಟು ಸಿಕ್ಕಿದ್ದು ಎರಡು ವರ್ಷ ತಡವಾಗಿ.

ಎರಡು ವರ್ಷ ತಾನೇ ಎಂದು ನನ್ನ ಗಂಡನೂ ಹೇಳಿದ. ನನ್ನ ಅಪ್ಪ ಧಾರವಾಡದಲ್ಲಿ ಅಂಗಡಿಗಳ ಬೋರ್ಡು ಬರೆಯುವವನು. ಮಗಳ ಹೆಸರಿನ ಬೋರ್ಡನ್ನು ತಾನೇ ಬರೆಯಬೇಕು ಎಂದು ನಾನು ಕಾಲೇಜು ಸೇರಿದ ದಿನದಿಂದ ಅವನ ಆಸೆ. ಫೋನು ಮಾಡಿದಾಗಲೆಲ್ಲ, “ಬಾಗಲದ ಅಳತಿ ಹೇಳವಾ. ತಗಡು ತೆಗದಿಟ್ಟೇನಿ. ಯಾರರ ಬರಾವ್ರ ಕೈಯಾಗ ಕಳಸ್ತೇನಿ,” ಎನ್ನುತ್ತಿದ್ದ. ಓದು ಮುಗಿದು ಲೈಸೆನ್ಸು ಬಂದು ನಾನು ಅಳತೆ ಹೇಳುವ ಹೊತ್ತಿಗೆ ಅವನ ಎರಡೂ ಕಣ್ಣಿನ ದೃಷ್ಟಿ ಇಳಿದು ಎಂಟು ತಿಂಗಳಾಗಿತ್ತು. “ಗೆರಿ ಕಾಣಂಗಿಲ್ಲವಾ ಈಗ. ಅಲ್ಲೇ ಪ್ರಿಂಟ್ ಮಾಡಿಸಿಬಿಡು,” ಎಂದ. ನನ್ನ ಬಾಗಿಲ ಮೇಲಿರುವುದು ಅಂಗಡಿಯಲ್ಲಿ ಕತ್ತರಿಸಿ ಅಂಟಿಸಿದ ಪ್ಲಾಸ್ಟಿಕ್ ಅಕ್ಷರ. ಆ ಎಂಟು ತಿಂಗಳ ಲೆಕ್ಕ ನನಗೂ ಡಾಕ್ಟರಿಗೂ ನಡುವೆ ಹಾಗೇ ಇದೆ.

ಆದರೂ ನನ್ನೊಳಗೆ ಒಂದು ಮೂಲೆಯಲ್ಲಿ ಅನುಮಾನ ಉಳಿದಿತ್ತು. ನಿಜವಾಗಿಯೂ ಮರೆತಿದ್ದರೆ? ಬ್ರಿಜಿಟ್ ಬ್ರಿಜಿಟ್ ಎಂದು ಕರೆದು ಕರೆದು ಅವರ ತಲೆಯಿಂದ ಹೋಗಿಯೇ ಬಿಟ್ಟಿದ್ದರೆ? ಹಾಗಿದ್ದರೆ ಅವರು ಹೊಣೆಗೇಡಿ ಮನುಷ್ಯ ಅಷ್ಟೆ, ಬೈದುಕೊಂಡು ಸುಮ್ಮನಾಗಬಹುದು. ಎದುರಿಗೆ ಸಿಕ್ಕು ಮರೆತಿದ್ದೆ ಎಂದರೆ ಹೇಳಲು ಒಂದು ಮಾತನ್ನೂ ಸಿದ್ಧ ಮಾಡಿಟ್ಟುಕೊಂಡಿದ್ದೆ: ಹೋಗ್ಲಿ ಬಿಡ್ರಿ ಸರ್. ಸಂಘದ ಸಮಾರಂಭಗಳಲ್ಲಿ ದೂರದಿಂದ ನೋಡುತ್ತಿದ್ದೆ. ಅವರು ಕೈ ಬೀಸುತ್ತಿದ್ದರು. ನಾನು ತಟ್ಟೆ ಹಿಡಿದು ಇನ್ನೊಂದು ಕಡೆ ಹೋಗುತ್ತಿದ್ದೆ.

ಹೋದ ತಿಂಗಳು, ಸಂಪಾದಕಿಯ ಫೋನು ಬಂದು ಮೂರು ವಾರಕ್ಕೆ, ಡಾಕ್ಟರ ಹೆಂಡತಿ ನನ್ನ ಕ್ಲಿನಿಕ್ಕಿಗೆ ಫೋನು ಮಾಡಿದರು. ಕೋಡುಬಳೆ ಕಡಿದು ಡಾಕ್ಟರ ದವಡೆ ಹಲ್ಲು ಸೀಳಿದೆ, ಅವರ ಕ್ಲಿನಿಕ್ಕು ಕೊಂಡವರ ಕೈ ಇವರಿಗೆ ಹಿಡಿಸದು, ಬ್ರಿಜಿಟ್ ಹತ್ತಿರವೇ ಹೋಗುತ್ತೇನೆ ಎಂದು ಹಟ ಹಿಡಿದಿದ್ದಾರೆ. ಕರೆದುಕೊಂಡು ಬನ್ನಿ ಎಂದೆ.

ಆ ಬೆಳಿಗ್ಗೆ ನಾನು ಮಾಡಿದ ಒಂದು ಸಣ್ಣತನವನ್ನು ಮುಚ್ಚಿಡುವುದಿಲ್ಲ. ಅವರನ್ನು ಒಳಗೆ ಕರೆಯುವಾಗ ಪ್ಯಾಟ್ರಿಕ್ ಎಂದು ಕೂಗು ಎಂದು ನನ್ನ ಸಹಾಯಕಿಗೆ ಹೇಳಿಕೊಟ್ಟೆ. ಅವಳು ಬಾಗಿಲಲ್ಲಿ ನಿಂತು ಪ್ಯಾಟ್ರಿಕ್ ಎಂದಳು. ಹೊರಗೆ ಕುಳಿತವರು ಒಬ್ಬರ ಮುಖ ಒಬ್ಬರು ನೋಡಿದರು. ಮತ್ತೆ ಕೂಗಿದಳು. ಮೂರನೆಯ ಸಲ ಅವಳು ಅವರನ್ನೇ ನೋಡುತ್ತ ಕೂಗಿದಾಗ, ದವಡೆ ಹಿಡಿದುಕೊಂಡಿದ್ದ ಡಾಕ್ಟರು ನಿಧಾನವಾಗಿ ಎದ್ದರು. ಗಾಜಿನ ಹಿಂದೆ ನಿಂತು ನಾನು ನೋಡಿದೆ. ಸಂತೋಷವಾಯಿತು. ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ಕುರ್ಚಿಯಲ್ಲಿ ಮಲಗಿಸಿ ಅವರ ಕೆನ್ನೆ ಹಿಡಿದು, ಅಲುಗಿಸುತ್ತ, ಅವರೇ ಕಲಿಸಿದ ಹಾಗೆ ಸೂಜಿ ಇಳಿಸಿದೆ. ನೋಯಿಸಲಿಲ್ಲ, ಅದು ನನ್ನ ಓದಿನ ಮರ್ಯಾದೆ. ಕೆಳದವಡೆಯ ಇಂಜೆಕ್ಷನ್ ಅರ್ಧ ತುಟಿಯನ್ನೂ ಅರ್ಧ ನಾಲಿಗೆಯನ್ನೂ ಮರಗಟ್ಟಿಸುತ್ತದೆ. ಅದರ ಮೇಲೆ ಬಾಯಿಗೆ ರಬ್ಬರ್ ಹಾಳೆ ಬಿಗಿದರೆ ಮನುಷ್ಯ ಮಾತಾಡುವುದು ಸಾಧ್ಯವೇ ಇಲ್ಲ. ನಾನು ಹಲ್ಲು ಕೊರೆಯುತ್ತ ಮಾತು ಶುರು ಮಾಡಿದೆ. ಸಹಾಯಕಿಗೆ ಕನ್ನಡ ಬಾರದು. ನೋರಾಳ ಹೂವಿನ ಕಥೆಯನ್ನು ಇನ್ನೊಮ್ಮೆ ಹೇಳಿದೆ, ಈ ಸಲ ಅವರ ಕೈಯಲ್ಲಿ ಮೊಸರನ್ನವಿರಲಿಲ್ಲ. ಅಪ್ಪನ ತಗಡಿನ ಕಥೆ ಹೇಳಿದೆ. ಅವರು ಚಾವಣಿಯ ದೀಪ ನೋಡುತ್ತಿದ್ದರು.

“ಒಂದ ಕೇಳೂದದ ಸರ್. ಅವತ್ತ ಫೋನಿನ್ಯಾಗ ಅವರು ಹೇಳಿದ ಹೆಸರು ನಿಮಗ ಖರೇನ ನೆನಪಿರಲಿಲ್ಲೇನ್ರಿ? ಈಗ ಮಾತಾಡಬ್ಯಾಡ್ರಿ. ಕೆಲಸ ಮುಗೀಲಿ.”

ಕೆಲಸ ಮುಗಿಯಲು ಮುಕ್ಕಾಲು ಗಂಟೆ ಹಿಡಿಯಿತು. ಹಾಳೆ ತೆಗೆದು, ಕುರ್ಚಿ ನೇರ ಮಾಡಿ, ನೀರು ಕೊಟ್ಟೆ. ಬಾಯಿ ಮುಕ್ಕಳಿಸಿದರು. ಸತ್ತ ತುಟಿಯಿಂದ ನೀರು ಗಲ್ಲದ ಮೇಲೆ ಇಳಿದು ಎದೆಯ ಕಾಗದದ ಮೇಲೆ ಬಿತ್ತು. ನಾನು ಒರೆಸಲಿಲ್ಲ. ಅವರು ಉಗುಳುವ ತೊಟ್ಟಿಯನ್ನೇ ನೋಡುತ್ತ, ಒಂದೊಂದೇ ಅಕ್ಷರವನ್ನು ಜೋಪಾನವಾಗಿ ಹೊರಗಿಡುತ್ತ ಹೇಳಿದರು:

“ಭಾಗೀರಥಿ ಮಲ್ಲಪ್ಪ ಹೊಸಮನಿ.”

ಮಹಾಪ್ರಾಣ ಕೂಡ ತಪ್ಪಲಿಲ್ಲ. ಮಲ್ಲಪ್ಪ ನನ್ನ ಅಪ್ಪನ ಹೆಸರು. ಮೊದಲ ದಿನ ಅವರು ಮೂಗಿನ ಹತ್ತಿರ ಹಿಡಿದು ಓದಿದ ಆ ಸರ್ಟಿಫಿಕೇಟಿನಲ್ಲಿ, ಅವರು ತಿದ್ದಿ ಸಹಿ ಹಾಕಿದ ಪತ್ರದಲ್ಲಿ ಬಿಟ್ಟರೆ ಈ ದೇಶದಲ್ಲಿ ಅವರ ಕಣ್ಣಿಗೆ ಅದು ಬಿದ್ದಿರಲು ಸಾಧ್ಯವಿಲ್ಲ.

“ನೀನು ಹೋಗಿಬಿಟ್ಟಿದ್ರೆ ಕ್ಲಿನಿಕ್ಕು ಯಾರು ನೋಡ್ಕೋತಿದ್ರು,” ಎಂದರು. ಮಾತು ಅರ್ಧ ತೊದಲುತ್ತಿತ್ತು, ಆದರೆ ಅರ್ಥವಾಗದೆ ಹೋಗುವಂತಿರಲಿಲ್ಲ. “ತಪ್ಪು ತಿಳ್ಕೋಬೇಡಮ್ಮ.”

ಇಷ್ಟು ವರ್ಷ ಜತನದಿಂದ ಕಾಯ್ದಿಟ್ಟುಕೊಂಡಿದ್ದ ‘ಹೋಗ್ಲಿ ಬಿಡ್ರಿ ಸರ್’ ಎಂಬ ಮಾತನ್ನು ಅಲ್ಲೇ ಕೈಬಿಟ್ಟೆ. ಇನ್ನು ಅದು ಯಾರಿಗೂ ಬೇಕಾಗಿಲ್ಲ.

“ಎರಡು ತಾಸು ಏನೂ ತಿನ್ನಬ್ಯಾಡ್ರಿ, ನಾಲಗಿ ಕಡಕೋತೀರಿ. ಕ್ಯಾಪ್ ಹಾಕಸ್ಲಿಕ್ಕೆ ಬ್ಯಾರೆ ಡಾಕ್ಟರ್‌ನ ನೋಡ್ಕೋರಿ. ಚೀಟಿ ಬರದು ಕೊಡ್ತೇನಿ,” ಎಂದೆ.

ಅವರು ಕುರ್ಚಿಯಿಂದ ಏಳಲು ನನ್ನ ಕಡೆಗೆ ಕೈ ಚಾಚಿದರು. ನಾನು ಗ್ಲೌಸು ಕಳಚಿ ಬುಟ್ಟಿಗೆ ಹಾಕಿ, ಕೈ ತೊಳೆದುಕೊಳ್ಳಲು ಹೋದೆ.